ನರ್ಸಮ್ಮಗೋಳಿಗಿ ಏನು ಕೊಡೋದು?

ತಮ್ಮಾ,

ನಿನ್ನ ಪ್ರಶ್ನೆ ನನಗೆ ಎರಡು ದಾರಿಯಿಂದ ಬಂದು ಮುಟ್ಟಿತು. ಮೊದಲನೆಯದು ಮೊನ್ನೆ ರಾತ್ರಿ ನೀನು ಇಂಗ್ಲೆಂಡಿನ ಲೀಡ್ಸ್‌ನಿಂದ ಹಾಕಿದ ಮೆಸೇಜು: "ಅಕ್ಕಾ, ಕೂಸು ಹುಟ್ಟಿ ದವಾಖಾನ್ಯಾಗೇ ಐದು ವಾರ ಆಯ್ತು. ಮುಂದಿನ ವಾರ ಮನಿಗಿ ಬಿಡ್ತೀವಿ ಅಂದಾರ. ನರ್ಸ್‌ಗಳಿಗಿ ಏನರೆ ಕೊಡಬೇಕಲ್ಲ? ರೊಕ್ಕ ಕೊಟ್ರ ನಡೀತದೇನು? ನಾ ಬಂದು ಎಂಟೇ ತಿಂಗಳು, ಇಲ್ಲಿ ರೀತಿ ತಿಳೀವಲ್ದು." ಎರಡನೆಯದು ನಿನ್ನವ್ವ. ನಾನು ರಜೆಗೆಂದು ಕಲಬುರಗಿಗೆ ಬಂದವಳು ಭಾನುವಾರ ವಾಪಸ್ ಹೊರಡುತ್ತೇನೆ ಎಂದು ಅವರಿಗೆ ಯಾರು ಹೇಳಿದರೋ, ನಿನ್ನೆ ಬಿಸಿಲು ಇಳಿದ ಮೇಲೆ ಸೂಪರ್ ಮಾರ್ಕೆಟ್‌ನಿಂದ ಆಟೋ ಹಿಡಿದು ನೇರ ನಮ್ಮವ್ವನ ಮನೆಗೇ ಬಂದರು. ನೀರು ಕುಡಿಯುವುದಕ್ಕೂ ಮುಂಚೆ ಚೀಲ ಬಿಚ್ಚಿ ಕಟ್ಟೆಯ ಮೇಲೆ ಒಂದೊಂದೇ ಇಟ್ಟರು. ಐದು ಬಿದರಿ ಡಬ್ಬಿ. ಐದು ಡಜನ್ ಗಾಜಿನ ಬಳೆ. ಎರಡು ಕಿಲೋ ಪೇಡೆ. ಶೇಂಗಾ ಹೋಳಿಗೆಯದು ಒಂದು ಸ್ಟೀಲ್ ಡಬ್ಬಿ. ಅರಿಶಿಣ ಕುಂಕುಮ ಹಚ್ಚಿದ ಐದು ಲಕೋಟೆ.

"ನಮ್ಮ ಕೂಸಿನ ಹಗಲೂ ರಾತ್ರಿ ಕಾಯ್ಲತ್ತಾರ ಅವರು. ಐದೂ ಮಂದಿಗಿ ಒಂದೊಂದು ನಿನ್ನ ಕೈಯಾರೆ ಕೊಡವ್ವ. ಖಾಲಿ ಕೈಲೆ ಬಂದ್ರ ಛಲೋ ಕಾಣಲ್ಲ" ಅಂದರು.

ಒಂದು ತಾಸು ಕೂತು ಅವರಿಗೆ ತಿಳಿಸಿ ಹೇಳಿದೆ. ಅರ್ಧ ಒಪ್ಪಿದರು. ಅವರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತಿದ್ದೇನೆ, ಸ್ವಲ್ಪ ಹೆಚ್ಚು ಸೇರಿಸಿ.

ಮೊದಲು ಲಕೋಟೆಯ ಮಾತು. ನಮ್ಮ ಊರಲ್ಲಿ ಲಕೋಟೆ ಯಾಕೆ ಹುಟ್ಟಿತು ಅಂತ ನಿನಗೂ ಗೊತ್ತು. ನಮ್ಮ ದೊಡ್ಡಕ್ಕನ ಬಾಣಂತನದಲ್ಲಿ, ದವಾಖಾನೆಯ ಹೆಸರು ಬೇಡ, ಆಯಾ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ತನಕ ತಂದು, ಅಲ್ಲಿಯೇ ನಿಂತು, "ಖುಷಿಲೆ ಏನರೆ ಕೊಡ್ರಿ" ಅಂದಳು. ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು. ಹೆಣ್ಣಾಗಿತ್ತು, ಹಾಗಾಗಿ ಅಗ್ಗದಲ್ಲಿ ಮುಗಿಯಿತು ಎಂದು ನಮ್ಮ ಕಾಕಾ ನಕ್ಕಿದ್ದರು. ಆ ಆಯಾಳನ್ನು ನಾನು ಬೈಯುವುದಿಲ್ಲ, ಗುತ್ತಿಗೆಯ ಕೆಲಸದ ಪಗಾರದಲ್ಲಿ ಆಕೆಯ ಸಂಸಾರ ನಡೆಯಬೇಕಲ್ಲ. ಆದರೆ ಅಂದಿನಿಂದ ದವಾಖಾನೆಯಲ್ಲಿ ಕೊಡುವ ರೊಕ್ಕಕ್ಕೆ ಎರಡು ಅರ್ಥ ಅಂಟಿಕೊಂಡವು: ಒಂದು ಖುಷಿ, ಇನ್ನೊಂದು ಹೆದರಿಕೆ. ಕೊಡದಿದ್ದರೆ ನೋಡಿಕೊಳ್ಳಲಿಕ್ಕಿಲ್ಲ ಎಂಬ ಹೆದರಿಕೆ.

ನಾನೂ ಅದನ್ನೇ ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿದ್ದೆ. 2012ರಲ್ಲಿ ನನ್ನ ಮಗಳು ಮೂವತ್ತು ವಾರಕ್ಕೇ ಹುಟ್ಟಿದಳು, ಏಳು ವಾರ ಗಾಜಿನ ಪೆಟ್ಟಿಗೆಯಲ್ಲಿ (ಇನ್ಕ್ಯುಬೇಟರ್) ಇದ್ದಳು. ಎರಡನೆಯ ವಾರದಲ್ಲೇ ನಾನು ಒಬ್ಬ ನರ್ಸಿನ ಜೇಬಿಗೆ ಇಪ್ಪತ್ತು ಪೌಂಡ್ ನೋಟು ತುರುಕಲು ಹೋದೆ. ಆಕೆಯ ಮುಖ ಬಿಳುಚಿಕೊಂಡಿತು. ನೋಟನ್ನು ನನ್ನ ಅಂಗೈಯಲ್ಲೇ ಮಡಚಿ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಹಿರಿಯ ನರ್ಸನ್ನು ಕರೆದುಕೊಂಡು ಬಂದಳು. ದೂರು ಕೊಟ್ಟಳು ಅಂತ ನಾನು ಅತ್ತೆ. ಆಮೇಲೆ ತಿಳಿಯಿತು, ತನ್ನನ್ನು ಕಾಪಾಡಿಕೊಳ್ಳಲು ಆಕೆ ಹೇಳಲೇಬೇಕಿತ್ತು.

ಅಲ್ಲಿನ ನರ್ಸ್‌ಗಳ ನೋಂದಣಿ ನೋಡಿಕೊಳ್ಳುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ನಿಯಮದಲ್ಲೇ ಬರೆದಿದ್ದಾರೆ: ತೀರಾ ಸಣ್ಣಪುಟ್ಟ ಉಡುಗೊರೆ ಬಿಟ್ಟು ಬೇರೇನನ್ನೂ ತಗೊಳ್ಳಬಾರದು. ಅದರ ಮೇಲೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ದು ಇನ್ನೊಂದು ನಿಯಮ. ನಗದು, ಅಂಗಡಿ ವೋಚರು ಎಷ್ಟೇ ಸಣ್ಣದಿರಲಿ, ಒಬ್ಬರ ಕೈಗೆ ಕೊಡುವ ಹಾಗಿಲ್ಲ. ವಸ್ತುವಾದರೆ 50 ಪೌಂಡ್ ಗೆರೆ. ದಾಟಿದರೆ ಅದು ನರ್ಸಿನ ಸ್ವಂತದ್ದಾಗುವುದಿಲ್ಲ, ತಗೊಂಡರೂ ಸಂಸ್ಥೆಯ ಹೆಸರಲ್ಲೇ ತಗೊಂಡು ಲೆಕ್ಕದ ಪುಸ್ತಕದಲ್ಲಿ ಬರೆಸಬೇಕು. ಒಂದೇ ಮನೆಯವರು ವರ್ಷದೊಳಗೆ ನಾಲ್ಕು ಸಲ ಸಣ್ಣಸಣ್ಣದು ಕೊಟ್ಟರೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಲಕೋಟೆ ಕೊಟ್ಟರೆ ನೀನು ಆಕೆಗೆ ಉಪಕಾರ ಮಾಡಿದ ಹಾಗಲ್ಲ, ಆಕೆಯ ನೌಕರಿಗೆ ತ್ರಾಸು ತಂದ ಹಾಗೆ.

ರೊಕ್ಕವನ್ನೇ ಕೊಡಬೇಕು ಅನ್ನಿಸಿದರೆ ಆ ವಿಭಾಗದ ಚಾರಿಟಿ ಫಂಡಿಗೆ ಹಾಕು. ನೀನು ಅಲ್ಲಿ ಇನ್‌ಕಂ ಟ್ಯಾಕ್ಸ್ ಕಟ್ಟುವವನು, ಗಿಫ್ಟ್ ಏಡ್ ಅಂತ ಒಂದು ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿದರೆ ಸರ್ಕಾರ ಪೌಂಡಿಗೆ 25 ಪೆನ್ಸ್ ಮೇಲೆ ಸೇರಿಸುತ್ತದೆ. ನೀನು 50 ಹಾಕಿದರೆ ಅವರಿಗೆ 62.50 ಮುಟ್ಟುತ್ತದೆ. ಬರೆಯುವಾಗ ಕೂಸುಗಳ ವಿಭಾಗಕ್ಕೇ ಎಂದು ನಮೂದಿಸು, ಇಲ್ಲದಿದ್ದರೆ ಇಡೀ ದವಾಖಾನೆಯ ದೊಡ್ಡ ಹುಂಡಿಯಲ್ಲಿ ಕರಗಿಹೋಗುತ್ತದೆ.

ಇನ್ನು ಬಳೆ. ನಿನ್ನವ್ವನ ಮೇಲೆ ನನಗೆ ಪ್ರೀತಿ ಉಕ್ಕಿತು, ಆದರೆ ನೀನೇ ನೆನಪಿಸಿಕೋ, ಐದು ವಾರದಲ್ಲಿ ಒಬ್ಬ ನರ್ಸಾದರೂ ಕೈಗೆ ಗಡಿಯಾರ ಕಟ್ಟಿದ್ದು ಕಂಡಿದ್ದೀಯಾ? ಮೊಣಕೈ ಕೆಳಗೆ ಏನೂ ಇರಬಾರದು ಅಲ್ಲಿ. ಬಳೆ ಇಲ್ಲ, ಕಡಗ ಇಲ್ಲ, ಹೆಚ್ಚೆಂದರೆ ಒಂದು ಸಾದಾ ಉಂಗುರ. ಸೋಂಕು ಹರಡಬಾರದು ಅಂತ. ಹೂವೂ ಬೇಡ, ಅಂಥ ವಾರ್ಡಿನೊಳಗೆ ಬಿಡುವುದಿಲ್ಲ. ಪೇಡೆಗೆ ಏರ್‌ಪೋರ್ಟಿನಲ್ಲೇ ತಡೆ, ಭಾರತದಿಂದ ಹಾಲಿನ ಪದಾರ್ಥ ಒಳಗೆ ತರುವ ಹಾಗಿಲ್ಲ. (ನಿನ್ನವ್ವ ಎದ್ದು ಹೋಗುವಷ್ಟರಲ್ಲಿ ನಮ್ಮ ಮನೆಯ ಹುಡುಗರು ಒಂದು ಕಿಲೋ ಮುಗಿಸಿದ್ದರು. ಪಾಪ ಬೇಡ, ಕೂಸಿನ ಹೆಸರಿನಲ್ಲೇ ತಿಂದರು.)

ಶೇಂಗಾ ಹೋಳಿಗೆಯ ವಿಷಯ ಹೇಳುವಾಗ ನನಗೇ ಹೊಟ್ಟೆ ಉರಿಯಿತು. ನಮ್ಮ ಕಡೆ ಶೇಂಗಾ ಇಲ್ಲದ ಊಟವೇ ಇಲ್ಲ, ಚಟ್ನಿಯೂ ಅದೇ, ಹೋಳಿಗೆಯೂ ಅದೇ. ಅಲ್ಲಿ ಅದು ಹೆದರಿಕೆಯ ವಸ್ತು. ಶೇಂಗಾದ ಅಲರ್ಜಿ ಇದ್ದವರಿಗೆ ಉಸಿರು ಕಟ್ಟಿ ಜೀವಕ್ಕೇ ಅಪಾಯ ಬರಬಹುದು. ಮನೆಯಲ್ಲಿ ಮಾಡಿದ್ದರಲ್ಲಿ ಏನೇನಿದೆ ಎಂದು ಅವರಿಗೆ ತಿಳಿಯುವ ದಾರಿಯೂ ಇಲ್ಲ. ತಿನ್ನುವುದೇ ಕೊಡುವುದಾದರೆ ಅಂಗಡಿಯ ಸೀಲ್ ಇರುವ ಡಬ್ಬಿ, ಮೇಲೆ ಏನೇನಿದೆ ಎಂದು ಬರೆದಿರುವಂಥದ್ದು ಕೊಡು. ಒಂದೇ ಡಬ್ಬಿ ತಗೋಬೇಡ, ಎರಡು ತಗೋ, ಒಂದರ ಮೇಲೆ ದಪ್ಪ ಅಕ್ಷರದಲ್ಲಿ "ರಾತ್ರಿ ಪಾಳಿಯವರಿಗೆ" ಎಂದು ಇಂಗ್ಲಿಷಿನಲ್ಲಿ ಬರೆ. ಹಗಲು ತಂದ ಚಾಕೊಲೇಟು ರಾತ್ರಿಯವರು ಬರುವಷ್ಟರಲ್ಲಿ ಖಾಲಿ ಕಾಗದವಾಗಿರುತ್ತದೆ. ನನ್ನನ್ನು ಕೇಳಿದರೆ ಚಾಕೊಲೇಟು ಬಿಟ್ಟು ವಾಸನೆ ಇಲ್ಲದ ಹ್ಯಾಂಡ್ ಕ್ರೀಮು ಒಳ್ಳೆಯದು, ದಿನಕ್ಕೆ ಅದೆಷ್ಟು ಸಲ ಕೈ ತೊಳೆದು ಅವರ ಕೈ ನಮ್ಮ ಬ್ಯಾಸಗಿಯ ಕರಿ ಹೊಲದ ಹಾಗೆ ಬಿರಿದಿರುತ್ತದೆ. ಕಪ್ಪು ಶಾಯಿಯ ಪೆನ್ನಿನ ಒಂದು ಡಬ್ಬಿ ಇಟ್ಟರೂ ಖುಷಿ ಪಡುತ್ತಾರೆ. ಆ ವಾರ್ಡಿನಲ್ಲಿ ಪೆನ್ನು ಉಳಿಯುವುದೇ ಇಲ್ಲ.

ಈಗ ಐದು ಬಿದರಿ ಡಬ್ಬಿ. ವಸ್ತು ಚಂದ ಇದೆ, ಕರಿ ಮೈ ಮೇಲೆ ಬೆಳ್ಳಿ ಎಳೆ ಮಿಂಚುತ್ತದೆ. ಆದರೆ ಐದೇ ಯಾಕೆ? ವಿಡಿಯೋ ಕಾಲ್‌ನಲ್ಲಿ ನೀನು ಐದು ಹೆಸರು ಹೇಳಿದ್ದೀಯಂತೆ, ಅದಕ್ಕೆ. ಲೆಕ್ಕ ಹಾಕು: ಐದು ವಾರ ಅಂದರೆ ಮೂವತ್ತೈದು ದಿನ, ದಿನಕ್ಕೆ ಎರಡು ಪಾಳಿ, ಎಪ್ಪತ್ತು ಪಾಳಿ. ಮೊದಲು ನಿನ್ನ ಕೂಸು ತೀವ್ರ ನಿಗಾದಲ್ಲಿತ್ತು, ಅಲ್ಲಿ ಒಂದು ಕೂಸಿಗೆ ಒಬ್ಬ ನರ್ಸ್ ಎಂಬುದು ಅಳತೆ. ಅಲ್ಲಿಂದ ಮುಂದಿನ ಕೋಣೆಗೆ ಬಂದಾಗ ಇಬ್ಬರಿಗೆ ಒಬ್ಬರು, ಈಗಿರುವ ಕೋಣೆಯಲ್ಲಿ ನಾಲ್ಕಕ್ಕೆ ಒಬ್ಬರು. ಪ್ರತಿ ಕೋಣೆಗೂ ಬೇರೆ ಬೇರೆ ಮಂದಿ. ನೀನು ಹಗಲು ಹೋದಾಗ ಕಂಡವರು ಐದು. ಬೆಳಗಿನ ಮೂರಕ್ಕೆ ಅಲಾರ್ಮ್ ಹೊಡೆದಾಗ ಓಡಿ ಬಂದವರ ಮುಖವೇ ನಿನಗೆ ಗೊತ್ತಿಲ್ಲ. ಹಾಸಿಗೆ ಒರೆಸುವವಳು, ಕಸ ಗುಡಿಸುವವನು, ಫೋನ್ ಎತ್ತುವ ಕ್ಲರ್ಕ್, ಅವರೂ ಇದ್ದಾರೆ. ಐವರಿಗೆ ಕೊಟ್ಟು ಉಳಿದವರ ಮುಂದೆ ಹಾದು ಬರುವುದು ನನಗಂತೂ ಆಗಲಿಕ್ಕಿಲ್ಲ. ಹಾಗಾಗಿ ಒಂದೇ ಒಂದು ಡಬ್ಬಿ ತರುತ್ತೇನೆ, ವಿಭಾಗದ ಎಲ್ಲರ ಹೆಸರಿನಲ್ಲಿ. ಜೊತೆಗೆ ಒಂದು ಚೀಟಿ ಬರೆ: ಬೀದರ್ ನಮ್ಮ ಪಕ್ಕದ ಜಿಲ್ಲೆ, ಇದು ಸತುವು ತಾಮ್ರದ ಮಿಶ್ರಲೋಹ, ಇದನ್ನು ಕಪ್ಪು ಮಾಡುವುದು ಅಲ್ಲಿನ ಹಳೇ ಕೋಟೆಯ ಮಣ್ಣಿನಿಂದ. ಓದಿದವರು ನಾಲ್ಕು ಜನಕ್ಕೆ ತೋರಿಸುತ್ತಾರೆ. ಬೆಲೆಯ ಚೀಟಿ ಕಿತ್ತು ಹಾಕು, ಆದರೆ ಕೇಳಿದರೆ ಖರೆ ಬೆಲೆ ಹೇಳು.

ಇಷ್ಟು ಹೇಳಿದಾಗ ನಿನ್ನವ್ವನ ಮುಖ ಸಣ್ಣದಾಯಿತು. "ಹಂಗಾದ್ರ ನಾ ಕೊಡೋದು ಏನೂ ಇಲ್ಲೇನು?" ಅಂದರು. ಆಗ ನಮ್ಮವ್ವ ಒಳಗಿನಿಂದ ಹಳೇ ಕೌದಿ ತಂದಳು. 2012ರಲ್ಲಿ ಅವಳು ತನ್ನ ಹಳೇ ಸೀರೆ ಜೋಡಿಸಿ ಎರಡು ಕೌದಿ ಹೊಲಿದು, ಸಣ್ಣದನ್ನು ಕೊರಿಯರ್ ಮಾಡಿದ್ದಳು, ಇದು ಅದರ ಜೋಡಿ. ದಿನ ತುಂಬದ ಕೂಸಿಗೆ ಬೆಳಕು ಚುಚ್ಚಬಾರದು ಎಂದು ಗಾಜಿನ ಪೆಟ್ಟಿಗೆಗೆ ಮೇಲಿನಿಂದ ಬಟ್ಟೆ ಹೊದಿಸುತ್ತಾರಲ್ಲ, ನಮ್ಮ ಕೌದಿಯನ್ನೂ ಹಾಗೇ ಹಾಕಬಹುದೇ ಎಂದು ನಾನು ಕೇಳಿದ್ದೆ. ಸಿಸ್ಟರ್ ಅದನ್ನು ತಿರುವಿ ಮುರುವಿ ನೋಡಿ, ದಾರ ಎಳೆದು ನೋಡಿ, ಬಿಸಿನೀರಲ್ಲಿ ಒಗೆಸಿ, ಪೆಟ್ಟಿಗೆಯ ಮೇಲೆ ಹಾಕಲು ಒಪ್ಪಿದರು, ಒಳಗೆ ಮಾತ್ರ ಬೇಡ ಅಂದರು. ಏಳು ವಾರ ಅದು ಅಲ್ಲೇ ಇತ್ತು. ಪ್ರತಿ ಪಾಳಿಯವರೂ ಬಂದು ಈ ಹೊಲಿಗೆ ಯಾರದು ಎಂದು ಕೇಳುತ್ತಿದ್ದರು. ನಿನ್ನವ್ವ ಈಗ ಹೊಸ ಹತ್ತಿ ಬಟ್ಟೆ ತಂದು ಎರಡು ಹೊಲಿಯುತ್ತೇನೆ ಅಂದಿದ್ದಾರೆ, ಗುಂಡಿ ಕನ್ನಡಿ ಏನೂ ಇಲ್ಲದೆ. ನೀನು ಮೊದಲು ವಾರ್ಡಿನಲ್ಲಿ ಕೇಳು, ಬೇಕಾ, ಅಳತೆ ಎಷ್ಟು, ಎಷ್ಟು ಬಿಸಿಯಲ್ಲಿ ಒಗೆಯುತ್ತಾರೆ ಅಂತ. ಬೇಡ ಅಂದರೆ ನಿನ್ನ ಕೂಸಿಗೇ ಆಯಿತು.

ಇದೆಲ್ಲಕ್ಕಿಂತ ನಾನು ನಿನ್ನ ಕೈಯಿಂದ ಮಾಡಿಸಬೇಕು ಅಂತಿರುವುದು ಒಂದು ಕಾಗದ. ಥ್ಯಾಂಕ್ಯೂ ಅಂತ ಅಚ್ಚು ಹಾಕಿದ ಕಾರ್ಡಲ್ಲ, ನೀನೇ ಬರೆದದ್ದು. ಅಲ್ಲಿನ ನರ್ಸ್‌ಗಳು ಮೂರು ವರ್ಷಕ್ಕೊಮ್ಮೆ ತಮ್ಮ ನೋಂದಣಿಯನ್ನು ಹೊಸದು ಮಾಡಿಕೊಳ್ಳಬೇಕು, 2016ರಿಂದ ಈ ಪದ್ಧತಿ ಬಂದಿದೆ. ಅದಕ್ಕೆ ತಮ್ಮ ಕೆಲಸದ ಬಗ್ಗೆ ಬೇರೆಯವರು ಹೇಳಿದ ಐದು ಅಭಿಪ್ರಾಯ ತೋರಿಸಬೇಕು. ಅಂದರೆ ನಿನ್ನ ಕಾಗದ ಆಕೆಗೆ ಖರೇನೇ ಉಪಯೋಗಕ್ಕೆ ಬರುತ್ತದೆ. "ಎಲ್ಲರೂ ಬಹಳ ಒಳ್ಳೆಯವರು" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾರು, ಯಾವ ದಿನ, ಏನು ಮಾಡಿದರು, ಅದನ್ನು ಬರೆ. ಮೊದಲ ಸಲ ಕೂಸನ್ನು ನಿನ್ನ ಹೆಂಡತಿಯ ಎದೆ ಮೇಲೆ ಮಲಗಿಸಿದಾಗ ವೈರುಗಳನ್ನು ಹಿಡಿದು ನಿಂತವರು ಯಾರು? ಹಾಲು ಬರುತ್ತಿಲ್ಲ ಎಂದು ಆಕೆ ಅತ್ತ ರಾತ್ರಿ ಪಂಪು ತಂದು ಪಕ್ಕ ಕೂತವರು ಯಾರು? ಎದೆಯ ಮೇಲಿನ ಬಿಲ್ಲೆ ನೋಡಿ ಹೆಸರು ಬರೆದುಕೋ. ಪೆಟ್ಟಿಗೆಯ ಪಕ್ಕ ಡೈರಿ ಇಟ್ಟಿದ್ದರೆ ಅದರಲ್ಲಿ ರಾತ್ರಿಯವರ ಹೆಸರೂ ಸಿಗುತ್ತವೆ. ಒಂದು ಪ್ರತಿ ವಾರ್ಡಿನ ಮ್ಯಾನೇಜರಿಗೆ, ಒಂದು ಗೋಡೆಗೆ.

ಇದನ್ನು ಇಷ್ಟು ಉದ್ದ ಹೇಳುವುದಕ್ಕೆ ಕಾರಣ ಇದೆ. ನನ್ನ ಕಾಗದದಲ್ಲಿ ಎರಡು ಹೆಸರಿದ್ದವು, ಮೂರನೆಯದು ಇರಲಿಲ್ಲ. ಕೂಸು ಅತ್ತಾಗ ನಾನು ನಮ್ಮ ರೂಢಿಯಂತೆ ಬೆನ್ನು ತಟ್ಟುತ್ತಿದ್ದೆ, ಸವರುತ್ತಿದ್ದೆ, ಅದು ಇನ್ನೂ ಬೆಚ್ಚಿ ಕೈಕಾಲು ಒದೆಯುತ್ತಿತ್ತು. ಒಂದು ರಾತ್ರಿ ಕೇರಳದ ಒಬ್ಬ ನರ್ಸ್ ಬಂದು ನನ್ನ ಒಂದು ಅಂಗೈಯನ್ನು ಕೂಸಿನ ತಲೆ ಮೇಲೆ, ಇನ್ನೊಂದನ್ನು ಪಾದಕ್ಕೆ ಆನಿಸಿ, "ಅಲ್ಲಾಡಿಸಬೇಡ, ಸುಮ್ಮನೆ ಇಡು" ಅಂದಳು. ಇಷ್ಟು ಸಣ್ಣ ಕೂಸುಗಳಿಗೆ ಸವರುವುದು ಹೆಚ್ಚಾಗುತ್ತದೆ, ಕೈ ಅಲ್ಲಾಡದೆ ಇದ್ದರೆ ಹೊಟ್ಟೆಯಲ್ಲಿದ್ದ ಹಾಗೆ ಅನ್ನಿಸುತ್ತದಂತೆ. ನಾಲ್ಕು ನಿಮಿಷದಲ್ಲಿ ನನ್ನ ಮಗಳು ನಿದ್ದೆ ಹೋದಳು. ಆಕೆಯ ಹೆಸರು ನಾನು ಕೇಳಲಿಲ್ಲ. ಮತ್ತೆ ಆಕೆ ನಮ್ಮ ಕಡೆಯ ಪಾಳಿಗೆ ಬರಲಿಲ್ಲ.

ಕೊನೆಗೆ, ನೀನು ಕೇಳದ ಎರಡು ಮಾತು. ಉಡುಗೊರೆಯ ಗಡಿಬಿಡಿಯಲ್ಲಿ ಇವು ತಪ್ಪಬಾರದು. ಇಂಗ್ಲೆಂಡಿನಲ್ಲಿ ಜನನ ನೋಂದಣಿಗೆ 42 ದಿನ ಗಡುವು, ನಿನಗೆ ಇನ್ನು ಒಂದೇ ವಾರ ಇದೆ. ತೊಟ್ಟಿಲಿಗೆ ಹಾಕಿಲ್ಲ, ಸೋದರತ್ತೆ ಕಿವಿಯಲ್ಲಿ ಹೆಸರು ಕೂಗಿಲ್ಲ ಎಂದು ಕಾಯಬೇಡ. ಈಗ ನೋಂದಾಯಿಸು, ಹೆಸರನ್ನು ಹನ್ನೆರಡು ತಿಂಗಳೊಳಗೆ ಸೇರಿಸಬಹುದು. ಇನ್ನೊಂದು, 2025ರ ಏಪ್ರಿಲ್ 6ರಿಂದ ಹೀಗೆ ವಾರ್ಡಿನಲ್ಲಿ ಉಳಿದ ಕೂಸುಗಳ ತಂದೆತಾಯಿಗೆ ಬೇರೆಯೇ ರಜೆ ಇದೆ. ಹುಟ್ಟಿದ 28 ದಿನದೊಳಗೆ ಸೇರಿಸಿ, ಸತತ ಏಳು ದಿನ ಅಥವಾ ಹೆಚ್ಚು ಇಟ್ಟುಕೊಂಡರೆ ಇಂತಿಷ್ಟು ವಾರ, ಹೆಚ್ಚೆಂದರೆ 12. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಈ ರಜೆಯ ಹಕ್ಕು, ಪಗಾರಕ್ಕೆ ಮಾತ್ರ ಬೇರೆ ಷರತ್ತು ಇವೆ. ಆಫೀಸಿನ ಎಚ್‌ಆರ್‌ಗೆ ನಾಳೆಯೇ ಮೇಲ್ ಹಾಕು.

ಭಾನುವಾರ ಹೊರಡುತ್ತೇನೆ. ಒಂದು ಬಿದರಿ ಡಬ್ಬಿ ನನ್ನ ಚೀಲದಲ್ಲಿದೆ. ಉಳಿದ ನಾಲ್ಕು ಮತ್ತು ಬಳೆ ನಮ್ಮವ್ವನ ಕಪಾಟಿನಲ್ಲಿವೆ. ಲಕೋಟೆಗಳನ್ನು ನಿನ್ನವ್ವ ವಾಪಸ್ ತಗೊಂಡು ಹೋಗಲೇ ಇಲ್ಲ, "ಇಟ್ಕೊ, ಅಲ್ಲಿ ಹೋದ ಮ್ಯಾಲ ನೋಡಣ" ಅಂದರು, ಅದನ್ನು ನೀನೇ ಫೋನ್ ಮಾಡಿ ಬಗೆಹರಿಸು. ಕಾಗದ ಕನ್ನಡದಲ್ಲೇ ಮೊದಲು ಬರೆದು ಮಂಗಳವಾರದೊಳಗೆ ಕಳಿಸು, ಇಂಗ್ಲಿಷ್ ನಾನು ಕೂಡಿ ಮಾಡುತ್ತೇನೆ.

ನಿನ್ನಕ್ಕ