ಮನೆಯಲ್ಲೇ ಮಾಡಿದ ಕ್ಯಾಂಪರ್ ಟ್ರೇಲರ್‌ಗೆ (ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮಲಗಬಹುದಾದ ಗಾಡಿಗೆ) ಎಂಥ ಬಾಗಿಲು ಹಾಕಬೇಕು?

ಮಡಿಕೇರಿಯ ಮಳೆಗೆ ನಿಲ್ಲುವ ಬಾಗಿಲು ಕೇಳಿದ್ದೀರಿ, ಹಾಗಾದರೆ ಮಾಮೂಲಿ ಪ್ಲೈವುಡ್ ಮರೆತುಬಿಡಿ, ಜೂನ್ ಹಿಡಿದರೆ ಊದಿಕೊಂಡು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಎಸಿಪಿ ಶೀಟ್ (ನಡುವೆ ಪ್ಲಾಸ್ಟಿಕ್ ಇರುವ ಅಲ್ಯೂಮಿನಿಯಂ ಹಾಳೆ) ಸಾಕು, ಹಗುರ. ಬಾಗಿಲು ಎಡಗಡೆ ಇರಲಿ, ನಮ್ಮಲ್ಲಿ ರಸ್ತೆಯ ಅಂಚು ಆ ಕಡೆ ಅಲ್ವಾ? ಹೊರಕ್ಕೆ ತೆರೆಯಲಿ, ಹಿಂಜ್ ಮಾತ್ರ ಮುಂದಿನ ಅಂಚಿಗೇ ಬರಬೇಕು, ಆಗ ಘಾಟಿಯಲ್ಲಿ ಚಿಲಕ ಜಾರಿದರೂ ಎದುರುಗಾಳಿ ಬಾಗಿಲನ್ನು ಮುಚ್ಚುವ ಕಡೆಗೇ ತಳ್ಳುತ್ತದೆ. ಕೂರಿಸುವ ಮೊದಲು ಚೌಕಟ್ಟನ್ನು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆಯಿರಿ, ಎರಡೂ ಅಳತೆ ಒಂದೇ ಬರಬೇಕು. ಸುತ್ತ 3-4 ಮಿ.ಮೀ. ಸಂದು ಬಿಟ್ಟು ಕಾರಿನ ಬಾಗಿಲಿನ ರಬ್ಬರ್ ಬೀಡಿಂಗ್ ಹಾಕಿ. ಸುಮ್ನೆ ಸಂದು ಮುಚ್ಚುವ ಸಿಲಿಕೋನ್ ಅಂಟು ಒಂದನ್ನೇ ನಂಬಬೇಡಿ, ನಾನು ನಂಬಿ ಹಾಸಿಗೆ ನೆನೆಸಿಕೊಂಡೆ. ಆಮೇಲೆ ಬಾಗಿಲ ಮೇಲೆ ಸ್ವಲ್ಪ ಓರೆಯಾಗಿ ಒಂದು ಅಲ್ಯೂಮಿನಿಯಂ ಆಂಗಲ್ ಹೊಡೆದೆ, ನೀರು ಬದಿಗೆ ಹರಿದುಹೋಗುತ್ತದೆ.