ಎಲ್ಲರೂ ನಿಂತು ನೋಡಿದೆವು, ನಾನೂ ನೋಡಿದೆ

ಪ್ರಶ್ನೆ: ಹೋದ ತಿಂಗಳು ನಮ್ಮೂರ ಸರ್ಕಲ್‌ನಲ್ಲಿ ಸ್ಕೂಟರ್ ಜಾರಿ ಒಬ್ಬರು ಬಿದ್ದರು. ಹದಿನೈದು ಇಪ್ಪತ್ತು ಜನ ಸುತ್ತ ನಿಂತೆವು, ಯಾರೂ ಎತ್ತಲಿಲ್ಲ. ಕೊನೆಗೆ ಎಳನೀರು ಮಾರುವವನು ಓಡಿ ಬಂದ. ಬೀದಿನಾಯಿಗೂ ಅನ್ನ ಹಾಕುವವಳು ನಾನು. ಅವತ್ತು ನನಗೇನಾಗಿತ್ತು? ನಾನು ಕೆಟ್ಟವಳಾ?
– ಓದುಗರೊಬ್ಬರು, ತುಮಕೂರು

ಉತ್ತರ: ಕೆಟ್ಟವರು ತಿಂಗಳಾದ ಮೇಲೆ ಪತ್ರ ಬರೆಯುವುದಿಲ್ಲ, ತಾಯಿ.

1968ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ತಾವು ಮಾಡಿದ ಒಂದು ಪ್ರಯೋಗದ ಬಗ್ಗೆ ಬರೆದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಮೈಕಿನಲ್ಲಿ ಮಾತಾಡಿಸುತ್ತಿದ್ದರು. ನಡುವೆ ಒಬ್ಬನಿಗೆ ಫಿಟ್ಸ್ ಬಂದಂತೆ ದನಿ ಕೇಳಿಸುತ್ತಿತ್ತು. ಅದು ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ಕೇಳಿಸಿಕೊಂಡವನು ನಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ಕು ಜನಕ್ಕೆ ಕೇಳಿಸಿದೆ ಅಂದುಕೊಂಡವರಲ್ಲಿ ಹಾಗೆ ಎದ್ದವರು ನೂರಕ್ಕೆ 31.

ಏಳದೆ ಕೂತವರು ಕಲ್ಲುಮನಸ್ಸಿನವರು ಅಂದುಕೊಳ್ಳಬೇಡಿ. ಅವರಲ್ಲಿ ಎಷ್ಟೋ ಜನರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಅವನಿಗೆ ಏನೂ ಆಗಿಲ್ಲ ಅಲ್ವಾ ಅಂತ ಅವರೇ ಕೇಳಿದರು. ನಿಮ್ಮ ಪತ್ರದಲ್ಲೂ ನನಗೆ ಆ ನಡುಕವೇ ಕಂಡಿತು.

ನನ್ನದೇ ಒಂದು ಕಥೆ ಇದೆ. ನನಗೆ ಶುಗರ್. ಒಮ್ಮೆ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಶುಗರ್ ಇಳಿದು, ಕಣ್ಣು ಕತ್ತಲೆ ಬಂದು ನೆಲದ ಮೇಲೇ ಕೂತೆ. ಜನ ಮುತ್ತಿಕೊಂಡರು. "ಯಾರಾದ್ರೂ ನೀರು ಕೊಡ್ರಪ್ಪಾ" ಅಂತ ಒಬ್ಬರು. "ಯಾರಾದ್ರೂ ಆಟೋ ಕರೀರಿ" ಅಂತ ಇನ್ನೊಬ್ಬರು. ಎಲ್ಲರಿಗೂ ಕನಿಕರವಿತ್ತು, ಆದರೆ ಆ 'ಯಾರಾದ್ರೂ' ಅನ್ನುವ ಪುಣ್ಯಾತ್ಮ ಮಾತ್ರ ಬರಲೇ ಇಲ್ಲ! ಕೊನೆಗೆ ನಾನೇ ಬೆರಳು ತೋರಿಸಿದೆ: "ಏ ನೀಲಿ ಬ್ಯಾಗು, ಒಂದು ಟೀ ತಂದ್ಕೊಡಪ್ಪ, ಸಕ್ಕರೆ ಜಾಸ್ತಿ." ಹುಡುಗ ಓಡಿದ. ಹತ್ತು ರೂಪಾಯಿ ಕೊಟ್ಟರೆ ತಗೊಳ್ಳಲಿಲ್ಲ. ನನ್ನ ಬಸ್ ಬರುವ ತನಕ ಪಕ್ಕದಲ್ಲೇ ನಿಂತಿದ್ದ, ಅವನ ಬಸ್ ಹೋಗಿಯೇ ಬಿಟ್ಟಿತ್ತು.

ಪೊಲೀಸ್, ಕೋರ್ಟು ಅಂತ ಹೆದರಿದ್ದರೆ ಅದಕ್ಕೂ ಉತ್ತರವಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ಅಪಘಾತದಲ್ಲಿ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಅಂತ ಯಾರೂ ಬಲವಂತ ಮಾಡುವಂತಿಲ್ಲ.

ಆ ಎಳನೀರಿನವನು ದಿನವೂ ಅದೇ ಸರ್ಕಲ್‌ನಲ್ಲಿ ಇರುತ್ತಾನೆ. ಎಷ್ಟು ಜನರನ್ನು ಎತ್ತಿದ್ದಾನೋ! ಒಂದು ಎಳನೀರು ಕುಡಿಯುತ್ತಾ ಕೇಳಿ ನೋಡಿ. ಏನಂದ ಅಂತ ನನಗೂ ಬರೆಯಿರಿ.