ಮರು: ನಿವೃತ್ತಿಯಾದ ಮೇಲೆ ಸ್ವಂತ ದುಡ್ಡಲ್ಲಿ ಪುಸ್ತಕ ತರಬಹುದಾ?

ನಮಸ್ಕಾರ ಸರ್. ಮೂವತ್ತು ವರ್ಷ ಡೈರಿಯಲ್ಲಿ ಕವಿತೆ ಬರೆದಿಟ್ಟಿದ್ದೀರಿ, ಈಗ ಒಂದು ಕಾದಂಬರಿಯೂ ಮುಗಿದಿದೆ, ನಾನೇ ಅಚ್ಚು ಹಾಕಿಸಿದರೆ ಜನ ನಗ್ತಾರಾ ಅಂತ ಕೇಳಿದ್ದೀರಿ.

ನಗೋರು ನಗಲಿ ಬಿಡಿ. ಗಳಗನಾಥರು ಹಾವೇರಿ ಕಡೆಯ ಶಾಲಾ ಮಾಸ್ತರು, ಹುಟ್ಟಿದ್ದು 1869ರಲ್ಲಿ. ತಾವು ಬರೆದ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅವರನ್ನು ಇವತ್ತಿಗೂ ಕನ್ನಡಿಗರಿಗೆ ಓದುವ ಚಟ ಹತ್ತಿಸಿದವರು ಅಂತಲೇ ನೆನೆಯುತ್ತಾರೆ. ಶಿವರಾಮ ಕಾರಂತರು ಮೊದಲು ಅಚ್ಚು ಹಾಕಿಸಿದ್ದು ಕವಿತೆಗಳನ್ನು, ಗೊತ್ತಾ? ಆಮೇಲೆ ಪುತ್ತೂರಲ್ಲಿ ತಮ್ಮದೇ ಪ್ರೆಸ್ ನಡೆಸಿದರು.

ನನ್ನ ಕಥೆ ಅಷ್ಟು ದೊಡ್ಡದಲ್ಲ. ಕವನ ಸಂಕಲನ 500 ಪ್ರತಿ ಹಾಕಿಸಿದೆ, 200 ಇನ್ನೂ ಮಂಚದ ಕೆಳಗಿವೆ. ಪುಟ ಜೋಡಿಸುವ ಡಿಟಿಪಿಯವರು 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಫೈಲನ್ನು ಎಲ್ಲ ಕಂಪ್ಯೂಟರಲ್ಲೂ ಓದಬಹುದಾದ ಯೂನಿಕೋಡ್ ಅಕ್ಷರಕ್ಕೆ ಬದಲಿಸಿದಾಗ ಅರ್ಕಾವತ್ತೆಲ್ಲ ಕೆಟ್ಟಿತು. ಮೊದಲ ಕವಿತೆಯಲ್ಲೇ 'ಸೂರ್ಯ' ಹೋಗಿ 'ಸೂಯರ್' ಆಗಿತ್ತು! ನಾನು ಕರಡು ತಿದ್ದಿದ್ದು ಅದಕ್ಕೂ ಮುಂಚೆ. ಹೆಂಡತಿ ಈಗಲೂ ಬೆಳಗಾದರೆ 'ಸೂಯರ್ ಬಂದ' ಅಂತಾಳೆ. ನೀವು ಕೊನೆಯ ಪಿಡಿಎಫ್ ಅನ್ನು ಕಾಗದದ ಮೇಲೆ ತೆಗೆಸಿ ಓದಿ, ಸ್ಕ್ರೀನ್ ನಂಬಬೇಡಿ.

ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅದನ್ನು ಕೊಡುವ ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಲೇಖಕರಿಗೇ ಪುಕ್ಕಟೆ ಸಿಗುತ್ತದೆ, ಆನ್‌ಲೈನಲ್ಲೇ ಅರ್ಜಿ ಹಾಕಬಹುದು.

ನನ್ನ ಮಾತು ಕೇಳಿದರೆ ಕಾದಂಬರಿ ಮೊದಲು ತನ್ನಿ, ಕವಿತೆ ಆಮೇಲೆ. ಬೇಕಾದಷ್ಟೇ ಅಚ್ಚು ಹಾಕುವ ಡಿಜಿಟಲ್ ಪ್ರೆಸ್‌ಗಳಿವೆ, 100 ಪ್ರತಿ ಸಾಕು. ಮಂಚದ ಕೆಳಗೆ ಜಾಗ ಜಾಸ್ತಿ ಇದ್ದರೆ ನಿಮ್ಮಿಷ್ಟ.